‘ಲಿಟಲ್ ವಿಮೆನ್’ ಕೊಳ್ಳುವ ಮುನ್ನ ಅಧ್ಯಾಯಗಳನ್ನು ಎಣಿಸಿ
ಮಕ್ಕಳಿಗಾಗಿ ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’ ಕೊಳ್ಳಲು ಹೊರಟವರು ಮೊದಲು ಪರಿವಿಡಿಯನ್ನು ತೆರೆದು ಅಧ್ಯಾಯಗಳನ್ನು ಎಣಿಸುವುದು ಒಳ್ಳೆಯದು. ಅಮೆರಿಕದ ಬಾಸ್ಟನ್‌ನಲ್ಲಿ ಈ ಕಾದಂಬರಿ 1868 ಮತ್ತು 1869ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು; ಎರಡನೆಯದನ್ನು ಬ್ರಿಟನ್ನಿನಲ್ಲಿ ‘ಗುಡ್ ವೈವ್ಸ್’ ಎಂಬ ಬೇರೆ ಹೆಸರಿನಿಂದ ಮಾರುವ ರೂಢಿ ಬೆಳೆದುದರಿಂದ, ಇಂದಿಗೂ ಕೆಲವು ಆವೃತ್ತಿಗಳು 23ನೆಯ ಅಧ್ಯಾಯಕ್ಕೇ ಮುಗಿದುಬಿಡುತ್ತವೆ. ಪೂರ್ಣ ಕೃತಿಯಲ್ಲಿ 47 ಅಧ್ಯಾಯಗಳಿವೆ. ಕಥಾನಾಯಕಿ ಜೋ ನ್ಯೂಯಾರ್ಕಿಗೆ ಹೋಗಿ, ಪತ್ರಿಕೆಗಳಿಗೆ ರೋಚಕ ಕಥೆಗಳನ್ನು ಬರೆದು ಹಣ ಸಂಪಾದಿಸುವ ಪ್ರಸಂಗ (ನನ್ನ ಮಟ್ಟಿಗೆ ಹದಿಹರೆಯದವರಿಗೆ ಹೆಚ್ಚು ಹಿಡಿಸುವ ಭಾಗವೇ ಅದು) ಬರುವುದು ಉತ್ತರಾರ್ಧದಲ್ಲಿ. ಮುಖಪುಟದ ‘ಅನ್‌ಅಬ್ರಿಜ್ಡ್’ (ಸಂಕ್ಷೇಪಿಸದ್ದು) ಎಂಬ ಮುದ್ರೆಯೊಂದನ್ನೇ ನಂಬಬೇಡಿ. ಮೊದಲ ಭಾಗವನ್ನಷ್ಟೇ ಅಚ್ಚುಮಾಡಿದವರೂ ಅದನ್ನು ಹಾಕಬಹುದು.