ಡೇಟಾಬೇಸ್ ನಿಧಾನ ಆಗಿದೆಯಾ? ರ‍್ಯಾಮ್ ಕೊಳ್ಳುವ ಮೊದಲು ಪೇಜ್ ಎಣಿಸಿ

ನಾನು ನೋಡಿಕೊಳ್ಳುವ ಒಂದು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಬೆಳಿಗ್ಗೆ ತೆವಳುತ್ತಿತ್ತು, ಹನ್ನೊಂದು ಗಂಟೆ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು. ಮಾಲೀಕರು 8 ಜಿಬಿ ಇದ್ದದ್ದನ್ನು 16 ಜಿಬಿ ಮಾಡಿಸಿದರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ರಾತ್ರಿ ಮೆಷಿನ್ ಆಫ್ ಮಾಡುತ್ತಾರೆ, ಅಲ್ವಾ? ಬೆಳಿಗ್ಗೆ ಆನ್ ಮಾಡಿದಾಗ ರ‍್ಯಾಮ್ ಎಷ್ಟೇ ದೊಡ್ಡದಿದ್ದರೂ ಖಾಲಿ. ಎಲ್ಲವನ್ನೂ ಡಿಸ್ಕ್‌ನಿಂದಲೇ ತರಬೇಕು.

ಆ ಓಡಾಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ರ‍್ಯಾಮ್‌ನಿಂದ ಒಂದು ಸಲ ಓದಲು ಸುಮಾರು 100 ನ್ಯಾನೋಸೆಕೆಂಡ್ ಬೇಕು, ಎಸ್‌ಎಸ್‌ಡಿಗೆ ಸುಮಾರು 100 ಮೈಕ್ರೋಸೆಕೆಂಡ್, ತಿರುಗುವ ಹಾರ್ಡ್ ಡಿಸ್ಕ್‌ಗೆ ಸುಮಾರು 10 ಮಿಲಿಸೆಕೆಂಡ್. ರ‍್ಯಾಮ್‌ನ ಆ ಕ್ಷಣವನ್ನು ಒಂದು ಸೆಕೆಂಡ್ ಅಂತ ಹಿಗ್ಗಿಸಿದರೆ ಎಸ್‌ಎಸ್‌ಡಿ ಹದಿನಾರು ನಿಮಿಷ ಕಾಯಿಸುತ್ತದೆ, ಹಾರ್ಡ್ ಡಿಸ್ಕ್ ಒಂದು ದಿನಕ್ಕಿಂತ ಜಾಸ್ತಿ. ಹಾರ್ಡ್ ಡಿಸ್ಕ್‌ನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿದು, ಬೇಕಾದ ಭಾಗ ಅದರ ಕೆಳಗೆ ಬರುವವರೆಗೆ ಕಾಯಲೇಬೇಕು. ಒಂದೇ ಸಾಲಿನಲ್ಲಿ ಉದ್ದಕ್ಕೆ ಓದಿಕೊಂಡು ಹೋದರೆ ಅದು ಅಷ್ಟು ನಿಧಾನ ಅಲ್ಲ. ಅಲ್ಲೊಂದು ಇಲ್ಲೊಂದು ಹುಡುಕಿದರೆ ಮಾತ್ರ ಈ ಕಷ್ಟ.

ಇಲ್ಲಿ ಹೇಳುವುದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಬಗ್ಗೆ.

ಮೊದಲು ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ನಿಧಾನವಾದ ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಮುಂದೆ ‘ಎಕ್ಸ್‌ಪ್ಲೇನ್’ ಹಾಕಿ, ಬ್ರಾಕೆಟ್‌ನಲ್ಲಿ ‘ಅನಲೈಸ್, ಬಫರ್ಸ್’ ಕೊಟ್ಟು ಓಡಿಸಿ. ಬಂದ ಉತ್ತರದಲ್ಲಿ ‘ಬಫರ್ಸ್’ ಅನ್ನುವ ಸಾಲು ಹುಡುಕಿ. ‘ಹಿಟ್’ ಅಂದರೆ ಪೋಸ್ಟ್‌ಗ್ರೆಸ್‌ನ ಸ್ವಂತ ಮೆಮೊರಿಯಲ್ಲೇ ಸಿಕ್ಕ ಪೇಜ್‌ಗಳು, ‘ರೀಡ್’ ಅಂದರೆ ಹೊರಗಿನಿಂದ ತಂದವು. ಪೋಸ್ಟ್‌ಗ್ರೆಸ್ ಡೇಟಾವನ್ನು ಪೇಜ್ ಅನ್ನುವ ತುಂಡುಗಳ ಲೆಕ್ಕದಲ್ಲೇ ಓದುತ್ತದೆ, ಒಂದು ಪೇಜ್ 8 ಕೆಬಿ. ನಮ್ಮ ಅಂಗಡಿಯಲ್ಲಿ ಒಬ್ಬ ಗ್ರಾಹಕರ ಹಳೆಯ ಬಿಲ್ ತೆಗೆಯುವ ಕ್ವೆರಿಗೆ ರೀಡ್ 48,000 ಇತ್ತು. ಅಂದರೆ 375 ಎಂಬಿ! ತೋರಿಸಬೇಕಿದ್ದದ್ದು ಅರವತ್ತು ಬಿಲ್.

ಅದೇ ಕ್ವೆರಿಯನ್ನು ಮತ್ತೊಮ್ಮೆ ಓಡಿಸಿ. ಸಮಯ ದಿಢೀರ್ ಇಳಿಯುತ್ತದೆ. ಏನೋ ಬದಲಿಸಿ, ಎರಡನೇ ಸಲ ಓಡಿಸಿ, ‘ಸರಿಹೋಯ್ತು’ ಅಂತ ಎದ್ದುಹೋಗುವವರು ಬಹಳ ಜನ. ಸರಿಹೋಗಿರುವುದಿಲ್ಲ, ಡೇಟಾ ಅಷ್ಟರಲ್ಲಿ ಮೆಮೊರಿಗೆ ಬಂದಿರುತ್ತದೆ, ಅಷ್ಟೇ. ವಿಚಿತ್ರ ಅಂದರೆ ರೀಡ್ ಲೆಕ್ಕ ಎರಡನೇ ಸಲವೂ ಬಹುತೇಕ ಅಷ್ಟೇ ಇರಬಹುದು. ದೊಡ್ಡ ಟೇಬಲ್ ಒಂದನ್ನು ಪೂರ್ತಿ ಓದುವಾಗ ಉಳಿದ ಡೇಟಾವನ್ನೆಲ್ಲ ಹೊರಗೆ ತಳ್ಳಬಾರದು ಅಂತ ಪೋಸ್ಟ್‌ಗ್ರೆಸ್ ಅದಕ್ಕೆ ಚಿಕ್ಕ ಜಾಗ ಮಾತ್ರ ಕೊಡುತ್ತದೆ. ಪೇಜ್‌ಗಳು ಉಳಿಯುವುದು ಆಪರೇಟಿಂಗ್ ಸಿಸ್ಟಂನ ಕ್ಯಾಶ್‌ನಲ್ಲಿ, ಅಂದರೆ ಓದಿದ್ದನ್ನು ಅದು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗದಲ್ಲಿ. ಹಾಗಾಗಿ ‘ಟ್ರ್ಯಾಕ್ ಐಒ ಟೈಮಿಂಗ್’ ಆನ್ ಮಾಡಿಕೊಳ್ಳಿ. ಓದಲು ನಿಜವಾಗಿ ಎಷ್ಟು ಹೊತ್ತು ಹೋಯಿತು ಅಂತ ಅದು ತೋರಿಸುತ್ತದೆ, ಡಿಸ್ಕ್ ಯಾವುದು ಕ್ಯಾಶ್ ಯಾವುದು ಅಂತ ಗೊತ್ತಾಗುತ್ತದೆ.

ಈಗ ಪೇಜ್ ಕಡಿಮೆ ಮಾಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಅರವತ್ತು ಬಿಲ್‌ಗೆ ಟೇಬಲ್ ಪೂರ್ತಿ ಓದುತ್ತಿದೆ ಅಂದರೆ ಹೆಚ್ಚಾಗಿ ಇಂಡೆಕ್ಸ್ (ಯಾವ ಸಾಲು ಎಲ್ಲಿದೆ ಅಂತ ಹೇಳುವ ಪಟ್ಟಿ) ಇಲ್ಲ. ಗ್ರಾಹಕರ ಐಡಿಗೆ ಫಾರಿನ್ ಕೀ (ಗ್ರಾಹಕರ ಟೇಬಲ್‌ಗೆ ಕೊಂಡಿ) ಹಾಕಿದ್ದೀವಲ್ಲ ಅನ್ನಬಹುದು, ಆದರೆ ಆ ಕಾಲಂಗೆ ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್ ಮಾಡಿಕೊಡುವುದಿಲ್ಲ, ನಾವೇ ಮಾಡಬೇಕು. ಮಾಡಿದ ಮೇಲೆ ಅರವತ್ತು ಚಿಲ್ಲರೆ ಪೇಜ್ ಸಾಕಾಯಿತು. ಅಷ್ಟನ್ನು ಎಸ್‌ಎಸ್‌ಡಿಯಿಂದ ತಂದರೂ ಆರೇಳು ಮಿಲಿಸೆಕೆಂಡ್, ಯಾರಿಗೂ ಗೊತ್ತೇ ಆಗುವುದಿಲ್ಲ. ಎಸ್‌ಎಸ್‌ಡಿ ಇದ್ದರೆ ‘ರ‍್ಯಾಂಡಮ್ ಪೇಜ್ ಕಾಸ್ಟ್’ ಅನ್ನು 4ರಿಂದ 1.1ಕ್ಕೆ ಇಳಿಸಿ. ಅಲ್ಲೊಂದು ಇಲ್ಲೊಂದು ಪೇಜ್ ಓದುವುದು ಎಷ್ಟು ದುಬಾರಿ ಅಂತ ಪೋಸ್ಟ್‌ಗ್ರೆಸ್ ಹಾಕುವ ಅಂದಾಜು ಅದು, 4 ಅನ್ನುವುದು ತಿರುಗುವ ಡಿಸ್ಕ್ ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟ ಬೆಲೆ. ಹಾಗೇ ಬಿಟ್ಟರೆ ಕೆಲವು ಸಲ ಇಂಡೆಕ್ಸ್ ಇದ್ದರೂ ಬಳಸುವುದಿಲ್ಲ.

ಮೆಮೊರಿಯ ಸರದಿ ಆಮೇಲೆ. ಪೋಸ್ಟ್‌ಗ್ರೆಸ್‌ನ ಸ್ವಂತ ಮೆಮೊರಿಯ ಗಾತ್ರವಾದ ‘ಶೇರ್ಡ್ ಬಫರ್ಸ್’ ಸಾಮಾನ್ಯವಾಗಿ 128 ಎಂಬಿ ಇರುತ್ತದೆ, ನೀವು ಎಷ್ಟೇ ರ‍್ಯಾಮ್ ಹಾಕಿದರೂ ಅದು ತಾನಾಗಿ ಬೆಳೆಯುವುದಿಲ್ಲ. ಡೇಟಾಬೇಸ್‌ಗೇ ಮೀಸಲಾದ ಮೆಷಿನ್ ಆದರೆ ಒಟ್ಟು ರ‍್ಯಾಮ್‌ನ ಕಾಲು ಭಾಗದಿಂದ ಶುರು ಮಾಡಿ, 16 ಜಿಬಿಗೆ 4 ಜಿಬಿ. ಉಳಿದದ್ದು ಸುಮ್ನೆ ಬಿದ್ದಿರುವುದಿಲ್ಲ, ಆಪರೇಟಿಂಗ್ ಸಿಸ್ಟಂ ಅದನ್ನೂ ಕ್ಯಾಶ್ ಆಗಿ ಬಳಸುತ್ತದೆ. ಇದಕ್ಕೆ ರೀಸ್ಟಾರ್ಟ್ ಬೇಕು.

‘ವರ್ಕ್ ಮೆಮ್’ ಹುಷಾರು. ವಿಂಗಡಿಸುವಂಥ ಕೆಲಸಕ್ಕೆ ಕೊಡುವ ಮೆಮೊರಿ ಇದು, ಸಾಮಾನ್ಯವಾಗಿ 4 ಎಂಬಿ. ಕೆಲಸ ಅಷ್ಟರಲ್ಲಿ ಹಿಡಿಸದಿದ್ದರೆ ಡಿಸ್ಕ್‌ನಲ್ಲಿ ನಡೆಯುತ್ತದೆ. ಉತ್ತರದಲ್ಲಿ ‘ಎಕ್ಸ್‌ಟರ್ನಲ್ ಮರ್ಜ್, ಡಿಸ್ಕ್’ ಅಂತ ಕಾಣುತ್ತದೆ. ಹಾಗಂತ ಎಲ್ಲರಿಗೂ 64 ಎಂಬಿ ಕೊಟ್ಟರೆ ನೂರು ಕನೆಕ್ಷನ್‌ಗೆ 6.4 ಜಿಬಿ ಹೋಗಬಹುದು, ಒಂದು ಕ್ವೆರಿಯಲ್ಲಿ ಎರಡು ಮೂರು ಸಲ ವಿಂಗಡಿಸಿದರೆ ಇನ್ನೂ ಜಾಸ್ತಿ. ತಿಂಗಳ ವರದಿ ತೆಗೆಯುವ ಸೆಷನ್‌ಗೆ ಮಾತ್ರ ಏರಿಸಿ.

ಕ್ಯಾಶ್ ಹಿಟ್ ಶೇ 99 ಇದೆ ಅಂತ ಸಮಾಧಾನ ಪಡುವ ಮೊದಲು ಇದನ್ನು ನೋಡಿ. ನೂರು ಓದಿನಲ್ಲಿ 99 ರ‍್ಯಾಮ್‌ನಿಂದ ಬಂದರೆ ಅಷ್ಟಕ್ಕೂ ಸೇರಿ ಸುಮಾರು 10 ಮೈಕ್ರೋಸೆಕೆಂಡ್. ಉಳಿದ ಒಂದು ಎಸ್‌ಎಸ್‌ಡಿಯಿಂದ ಬಂದರೆ 100 ಮೈಕ್ರೋಸೆಕೆಂಡ್. ಕಾದ ಹೊತ್ತಿನಲ್ಲಿ ಹನ್ನೊಂದಕ್ಕೆ ಹತ್ತು ಪಾಲು ಆ ಒಂದೇ ಓದಿನದು. ಹಾರ್ಡ್ ಡಿಸ್ಕ್ ಆದರೆ ಇನ್ನೂ ನೂರು ಪಟ್ಟು.

ವೇಗಕ್ಕಾಗಿ ‘ಎಫ್‌ಸಿಂಕ್’ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಬರೆದದ್ದು ಡಿಸ್ಕ್ ಮುಟ್ಟಿತು ಅಂತ ಖಾತ್ರಿ ಮಾಡುವುದೇ ಅದು. ಕರೆಂಟ್ ಹೋದರೆ ಇಡೀ ಡೇಟಾಬೇಸ್ ಕೆಡಬಹುದು.

ಇನ್ನು ಬೆಳಗಿನ ತೆವಳಾಟ. ‘ಪಿಜಿ ಪ್ರೀವಾರ್ಮ್’ ಅನ್ನುವ ಎಕ್ಸ್‌ಟೆನ್ಶನ್ ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ. ಅದನ್ನು ‘ಶೇರ್ಡ್ ಪ್ರೀಲೋಡ್ ಲೈಬ್ರರೀಸ್’ ಪಟ್ಟಿಗೆ ಸೇರಿಸಿ ರೀಸ್ಟಾರ್ಟ್ ಮಾಡಿ. 11ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ. ಐದೈದು ನಿಮಿಷಕ್ಕೆ, ಮತ್ತು ಸರಿಯಾಗಿ ಶಟ್‌ಡೌನ್ ಮಾಡಿದಾಗ, ಯಾವ ಯಾವ ಪೇಜ್ ಮೆಮೊರಿಯಲ್ಲಿತ್ತು ಅಂತ ಅದು ಪಟ್ಟಿ ಬರೆದಿಡುತ್ತದೆ, ಬೆಳಿಗ್ಗೆ ಆನ್ ಆದ ಕೂಡಲೇ ಅವನ್ನೆಲ್ಲ ಮತ್ತೆ ತುಂಬಲು ಶುರು ಮಾಡುತ್ತದೆ. ಅಂಗಡಿ ಬಾಗಿಲು ತೆಗೆಯುವ ಹತ್ತು ನಿಮಿಷ ಮೊದಲು ಮೆಷಿನ್ ಆನ್ ಮಾಡಿ, ಮೊದಲ ಬಿಲ್‌ನ ಕ್ವೆರಿಗೆ ಮತ್ತೊಮ್ಮೆ ಬಫರ್ಸ್ ಸಾಲು ನೋಡಿ. ರೀಡ್ ಇದ್ದ ಕಡೆ ಹಿಟ್ ಕಾಣಬೇಕು.