ಗ್ರೆನೇಡಾಕ್ಕೆ ಹೊಸದಾಗಿ ಬಂದಿದ್ದೀರಾ? ಮೊದಲು ಇಲ್ಲಿನ ಜನರನ್ನು ತಿಳಿಯಿರಿ

ಗ್ರೆನೇಡಾ ಅಂದರೆ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪದೇಶ: 344 ಚದರ ಕಿಲೋಮೀಟರ್, ಒಂದು ಲಕ್ಷ ದಾಟಿ ಸ್ವಲ್ಪ ಜನ. ಜನರ ಲೆಕ್ಕದಲ್ಲಿ ಹೆಚ್ಚೂಕಡಿಮೆ ನಮ್ಮ ಚಿಕ್ಕಮಗಳೂರು ಪೇಟೆಯಷ್ಟು. ಅಷ್ಟರಲ್ಲೇ ಪ್ರಧಾನಿ, ಪಾರ್ಲಿಮೆಂಟು ಎಲ್ಲ ಇದೆ. ಕ್ಯಾರಿಯಕೂ, ಪೆಟಿ ಮಾರ್ಟಿನಿಕ್ ಎಂಬ ಎರಡು ಪುಟ್ಟ ದ್ವೀಪಗಳೂ ಇದೇ ಲೆಕ್ಕದಲ್ಲಿವೆ.

ಮಿನಿಬಸ್ ಹತ್ತಿದ ಕೂಡಲೇ 'ಗುಡ್ ಮಾರ್ನಿಂಗ್' ಅನ್ನಿ. ಯಾರೋ ಒಬ್ಬರಿಗಲ್ಲ, ಇಡೀ ಬಸ್ಸಿಗೆ. ಮೊದಲ ವಾರ ನಾನು ಬಾಯಿ ಮುಚ್ಚಿ ಕೂತಿದ್ದೆ. ಪಕ್ಕದ ಅಜ್ಜಿ, "ರಾತ್ರಿ ನಿದ್ದೆ ಬರಲಿಲ್ವಾ ಮಗಾ?" ಎಂದರು. ಇಳಿಯುವಾಗ ಬಸ್ಸಿನ ಮೈಗೆ ಎರಡು ಸಲ ತಟ್ಟಿ, ನಮ್ಮೂರ ಕಂಡಕ್ಟರ್ ತಟ್ಟುವ ಹಾಗೆ.

ಹತ್ತರಲ್ಲಿ ಎಂಟು ಜನ ಆಫ್ರಿಕಾ ಮೂಲದವರು, ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು. 1838ರಲ್ಲಿ ಪೂರ್ತಿ ಬಿಡುಗಡೆ ಸಿಕ್ಕ ಮೇಲೆ ತುಂಬ ಜನ ತೋಟದ ಕೆಲಸ ಬಿಟ್ಟರು. ಆಗ ಬ್ರಿಟಿಷ್ ದೊರೆಗಳ ಕಣ್ಣು ಬಿದ್ದದ್ದು ನಮ್ಮ ದೇಶದ ಮೇಲೆ. ಕಲ್ಕತ್ತೆಯಿಂದ ಹೊರಟ ಮೇಡ್‌ಸ್ಟೋನ್ ಹಡಗು 1857ರ ಮೇ 1ರಂದು ಇಲ್ಲಿಗೆ ಮುಟ್ಟಿತು. ಮುಂದಿನ ವರ್ಷಗಳಲ್ಲಿ ಒಟ್ಟು ಮೂರು ಸಾವಿರಕ್ಕೂ ಜಾಸ್ತಿ ಕೂಲಿಗಳು ಬಂದರು. ಇವತ್ತು ಭಾರತ ಮೂಲದವರು ನೂರಕ್ಕೆ ಇಬ್ಬರೋ ಏನೋ, ಅಷ್ಟೆ. ಹೆಚ್ಚಿನವರು ಕ್ರೈಸ್ತರು, ಹೆಸರೂ ಹಾಗೇ. ಮಾತು ಹೋಯಿತು, ರೊಟ್ಟಿ ಮತ್ತು ಕರಿ ಉಳಿಯಿತು.

ಶನಿವಾರದ ಮಾರ್ಕೆಟ್ಟಿನಲ್ಲಿ ಜಾಯಿಕಾಯಿ ಮಾರುತ್ತಿದ್ದ ಹೆಂಗಸಿನ ಮುಖ ನೋಡಿ ನಮ್ಮ ಕಡೆಯವರೇ ಅನ್ನಿಸಿತು. "ಇಂಡಿಯಾದಲ್ಲಿ ಯಾವ ಕಡೆ ನೀವು?" ಎಂದೆ. "ಸೇಂಟ್ ಪ್ಯಾಟ್ರಿಕ್ ಕಡೆ" ಎಂದರು. ಅದು ಈ ದ್ವೀಪದ ಉತ್ತರದ ತುದಿ! ಆ ಪ್ರಶ್ನೆ ನೀವು ಕೇಳಬೇಡಿ.

ದಕ್ಷಿಣದ ಗ್ರಾಂಡ್ ಆನ್ಸ್, ಟ್ರೂ ಬ್ಲೂ ಪ್ರದೇಶಗಳನ್ನು ನೋಡಿ ದೇಶ ಅಳೆಯಲೂ ಬೇಡಿ. ಅಲ್ಲಿ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯದ ಮೆಡಿಕಲ್ ಹುಡುಗರು ಜಾಸ್ತಿ, ಬಾಡಿಗೆಯೂ ಜಾಸ್ತಿ. ಪೂರ್ವದ ಗ್ರೆನ್‌ವಿಲ್‌ಗೆ, ಮೀನುಗಾರರ ಗುಯಾವ್‌ಗೆ ಒಮ್ಮೆ ಹೋಗಿ ಬನ್ನಿ.

ಇನ್ನೊಂದು ವಿಷಯ. ಪ್ರತಿ ಮನೆಯಲ್ಲೂ ಯಾರೋ ಒಬ್ಬರು ಹೊರಗಿದ್ದಾರೆ ಅಂದುಕೊಳ್ಳಿ: ಟ್ರಿನಿಡಾಡ್, ಲಂಡನ್, ಟೊರಾಂಟೊ, ಬ್ರೂಕ್ಲಿನ್. ಹೀಗೆ ಹೊರಡುತ್ತಲೇ ಇರುವುದರಿಂದ ಜನಸಂಖ್ಯೆ ಬೇಗ ಏರುವುದಿಲ್ಲ. ಆಗಸ್ಟಿನ ಕಾರ್ನಿವಲ್‌ಗೆ ಮಾತ್ರ ಎಲ್ಲರೂ ಮನೆ ಕಡೆ ಬರುತ್ತಾರೆ. ಊರಿಂದ ಅಪ್ಪ ಅಮ್ಮನನ್ನು ಕರೆಸುವುದಿದ್ದರೆ ಆ ವಾರ ಬಿಟ್ಟು ಟಿಕೆಟ್ ಮಾಡಿ.