ಮುದ್ದೆಗೊಂದು ಹುತ್ತ

ಹನ್ನೊಂದು ವಾರ ನಮ್ಮ ಮನೆಯ ಹಾವು ಮುದ್ದೆ ಏನೂ ತಿನ್ನಲಿಲ್ಲ. ಪ್ರತಿ ಶನಿವಾರ ರಾತ್ರಿ ಬೆಚ್ಚಗೆ ಮಾಡಿದ ಇಲಿಯನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ಅವಳ ಮುಂದೆ ನಿಧಾನಕ್ಕೆ ಆಡಿಸುತ್ತಿದ್ದೆ. ಅವಳು ಎರಡು ಸಲ ನಾಲಿಗೆ ಚಾಚುತ್ತಿದ್ದಳು. ಆಮೇಲೆ ಕತ್ತು ಹಿಂದಕ್ಕೆ ಎಳೆದುಕೊಂಡು, ಮೈಯೆಲ್ಲ ಉಂಡೆ ಸುತ್ತಿ, ತಲೆಯನ್ನು ಆ ಉಂಡೆಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಆ ಉಂಡೆ ನೋಡಿಯೇ ಮಗಳು ಅವಳಿಗೆ ಮುದ್ದೆ ಅಂತ ಹೆಸರಿಟ್ಟಿದ್ದು. ಬಣ್ಣವೂ ಹಾಗೇ ಇದೆ, ಕಪ್ಪು ಕಂದು ಮೈ, ಮೇಲೆ ತಿಳಿ ಚಿನ್ನದ ಮಚ್ಚೆ. ಆದರೆ ಆ ದಿನಗಳಲ್ಲಿ ಆ ಉಂಡೆ ಕಂಡರೆ ನನಗೆ ಸಂಕಟ ಆಗುತ್ತಿತ್ತು. ಮುದ್ದೆ ಬಾಲ್ ಪೈಥಾನ್, ಅಂದರೆ ಚಿಕ್ಕ ಜಾತಿಯ ಹೆಬ್ಬಾವು. ಅದು ಹಾಗೆ ಸುತ್ತಿಕೊಳ್ಳುವುದು ಹೆದರಿದಾಗ.

ನಾನು ತುಮಕೂರಿನ ಕಡೆಯವನು. ಈಗ ಇರುವುದು ಅಮೆರಿಕದ ಓಹಾಯೋದಲ್ಲಿ, ಕೊಲಂಬಸ್ ಊರಿನಲ್ಲಿ. ಮುದ್ದೆ ನಮ್ಮ ಮನೆಗೆ ಬಂದದ್ದು ಒಂದು ನವೆಂಬರ್‌ನಲ್ಲಿ. ಆಗ ಅವಳು ಏಳು ತಿಂಗಳ ಮರಿ, ತೂಕ 310 ಗ್ರಾಂ. ಅಂಗಡಿಯವರು ಹಾವಿನ ಜೊತೆ ಒಂದು ಕಿಟ್ ಕೊಟ್ಟರು. ಜಾಲರಿ ಮುಚ್ಚಳದ ಗಾಜಿನ ತೊಟ್ಟಿ, ಕೆಳಗೆ ಅಂಟಿಸುವ ಹೀಟ್ ಮ್ಯಾಟ್, ಕೆಂಪು ಬಲ್ಬ್, ಎರಡೂ ಕಡೆ ತೆರೆದಿರುವ ಅರ್ಧ ಮರದ ತುಂಡು, ತೇವಾಂಶ ತೋರಿಸಲು ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್. "ಇಷ್ಟು ಸಾಕು" ಅಂದರು. ನಂಬಿದೆ.

ಮೊದಲು ನನಗೆ ಗೊತ್ತಾಗಿದ್ದು ಪೊರೆಯಿಂದ. ಜನವರಿಯಲ್ಲಿ ಅವಳು ಪೊರೆ ಬಿಟ್ಟಳು. ಕಾಲುಚೀಲ ಮಗುಚಿ ತೆಗೆದ ಹಾಗೆ ಪೊರೆ ಒಂದೇ ತುಂಡಾಗಿ ಬರಬೇಕು. ಇವಳದ್ದು ಹಪ್ಪಳದ ಚೂರಿನಂತೆ ಒಡೆದು ಬಂತು. ಬಾಲದ ತುದಿಯಲ್ಲಿ ಉಂಗುರದಂತೆ ಒಂದಿಷ್ಟು ಉಳಿಯಿತು. ಎಡಗಣ್ಣು ಮಸುಕಾಗಿಯೇ ಇತ್ತು. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕ ಬಿಲ್ಲೆಯೊಂದಿರುತ್ತದೆ. ಅದೂ ಪೊರೆಯ ಜೊತೆ ಕಳಚಿ ಬರಬೇಕು. ಬಂದಿರಲಿಲ್ಲ.

ಅವತ್ತೇ ಒಂದು ಡಿಜಿಟಲ್ ಮೀಟರ್ ಮತ್ತು ದೂರದಿಂದಲೇ ಬಿಸಿ ಅಳೆಯುವ ಇನ್ಫ್ರಾರೆಡ್ ಗನ್ ತಂದೆ. ಮುಳ್ಳಿನ ಮೀಟರ್ ತೇವಾಂಶ ನೂರಕ್ಕೆ 50 ಅನ್ನುತ್ತಿತ್ತು. ಡಿಜಿಟಲ್ ಮೀಟರ್ 22 ತೋರಿಸಿತು. ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಗಲೂ ರಾತ್ರಿ ಓಡುತ್ತದೆ, ನಮ್ಮ ತುಟಿಯೇ ಒಡೆಯುತ್ತದೆ. ಜಾಲರಿ ಮುಚ್ಚಳದಿಂದ ಇದ್ದಬದ್ದ ತೇವವೆಲ್ಲ ಹೋಗುತ್ತಿತ್ತು. ಇನ್ನು ಹೀಟ್ ಮ್ಯಾಟ್. ಹಾಸನ್ನು ಸರಿಸಿ ಗಾಜಿನ ಮೇಲೆ ಗನ್ ಹಿಡಿದೆ. 46 ಡಿಗ್ರಿ. ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟ್ಯಾಟ್ ಅದಕ್ಕೆ ಇರಲೇ ಇಲ್ಲ. ಹಾವಿಗೆ ಹೊಟ್ಟೆಯ ಕೆಳಗೆ ಸುಡುತ್ತಿದ್ದರೂ ಎಷ್ಟೋ ಸಲ ಅಲ್ಲೇ ಬಿದ್ದಿರುತ್ತದೆ, ಸುಟ್ಟ ಗಾಯ ಆಮೇಲೆ ಕಾಣುತ್ತದೆ. ಮುದ್ದೆಯ ಹೊಟ್ಟೆಯನ್ನು ತಿರುಗಿಸಿ ನೋಡುವಾಗ ನನ್ನ ಕೈ ನಡುಗುತ್ತಿತ್ತು. ಗಾಯ ಇರಲಿಲ್ಲ. ಪ್ಲಗ್ ಕಿತ್ತೆ.

ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಹೋದೆವು. ಬಾಯಿ ತೆರೆಸಿ ನೋಡಿದರು, ಉಸಿರು ಕೇಳಿದರು, ಹಿಕ್ಕೆ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಿತ್ತು. ತೂಕ 288 ಗ್ರಾಂ. ಮನೆಗೆ ಬಂದಾಗಿನಿಂದ ಇಳಿದದ್ದು ನೂರಕ್ಕೆ ಏಳು ಪಾಲು ಅಷ್ಟೇ. ಕಣ್ಣಿನ ಬಿಲ್ಲೆಯನ್ನು ಕೀಳಬೇಡಿ, ತೇವ ಸರಿಯಾದರೆ ಮುಂದಿನ ಪೊರೆಯ ಜೊತೆ ಬರುತ್ತದೆ ಅಂದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಅಡಗಿಕೊಳ್ಳಲು ಎಲ್ಲಿದೆ ಜಾಗ?"

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಘಾನಾ, ಟೋಗೋ, ಬೆನಿನ್ ಕಡೆಯ ಹುಲ್ಲುಗಾವಲು, ಹೊಲಗಳಲ್ಲಿ ಇರುತ್ತದೆ. ಹಗಲೆಲ್ಲ ಇಲಿ ತೋಡಿದ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಮಲಗಿದ್ದು, ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಹುತ್ತ! ಇದು ನನಗೆ ಗೊತ್ತಿರುವ ವಿಷಯ ಅಲ್ವಾ? ನಮ್ಮ ತೋಟದ ಬದುವಿನಲ್ಲಿ ಆಳೆತ್ತರದ ಹುತ್ತ ಇತ್ತು. ಚಿಕ್ಕವನಿದ್ದಾಗ ಅದರ ಬಾಯಿಗೆ ಕೈ ಹಿಡಿದರೆ ಒಳಗಿನಿಂದ ತೇವದ, ಬೆಚ್ಚನೆಯ ಗಾಳಿ ತಾಗುತ್ತಿತ್ತು. ಹೊರಗೆ ಬಿಸಿಲು ಹೇಗೇ ಇರಲಿ, ಒಳಗೆ ಕತ್ತಲು, ಇಕ್ಕಟ್ಟು, ತೇವ. ನಾನು ಮುದ್ದೆಗೆ ಕೊಟ್ಟಿದ್ದು ಅದಕ್ಕೆ ಪೂರ್ತಿ ಉಲ್ಟಾ. ನಾಲ್ಕೂ ಕಡೆ ಗಾಜು, ಒಣ ಗಾಳಿ, ರಾತ್ರಿಯೂ ಕೆಂಪು ದೀಪ. ಅವಳಿಗೆ ಹಸಿವು ಇರಲಿಲ್ಲ ಅಂತಲ್ಲ. ಬಯಲಲ್ಲಿ ಕೂರಿಸಿ ಊಟ ಬಡಿಸಿದರೆ ಹೆದರಿದ ಜೀವ ತಿನ್ನುವುದಾದರೂ ಹೇಗೆ?

ಹಾಗಾಗಿ ಹುತ್ತ ಕಟ್ಟಲು ಶುರು ಮಾಡಿದೆ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪಿವಿಸಿ ಪೆಟ್ಟಿಗೆ ತರಿಸಿದೆ. ಮುಂದೆ ಮಾತ್ರ ಗಾಜಿನ ಬಾಗಿಲು, ಅದಕ್ಕೆ ಬೀಗ. ಬೀಗ ಬೇಕೇ ಬೇಕು. ಹಾವು ಮೂತಿಯಿಂದ ತಳ್ಳಿ ತಳ್ಳಿ ಜಾರುವ ಬಾಗಿಲನ್ನು ಸರಿಸುತ್ತದೆ. ಅವಳು ಬೆಳೆದರೆ ನಾಲ್ಕೋ ನಾಲ್ಕೂವರೆಯೋ ಅಡಿ ಆಗುತ್ತಾಳೆ, ಮೈ ಚಾಚಲು ಅಷ್ಟು ಜಾಗ ಬೇಕು. ಮರಿಗೆ ದೊಡ್ಡ ಜಾಗ ಕೊಟ್ಟರೆ ಹೆದರುತ್ತದೆ ಅಂತ ತುಂಬ ಜನ ಹೇಳುತ್ತಾರೆ. ನನ್ನ ಅನುಭವದಲ್ಲಿ ಹೆದರಿಸುವುದು ಖಾಲಿ ಜಾಗ. ತುಂಬಿದ ಜಾಗ ಎಷ್ಟು ದೊಡ್ಡದಿದ್ದರೂ ಪರವಾಗಿಲ್ಲ.

ಹಾಸಿಗೆಗೆ ತೆಂಗಿನ ನಾರಿನ ಪುಡಿ. ಅದಕ್ಕೆ ಸ್ವಲ್ಪ ಸೈಪ್ರೆಸ್ ಮರದ ಚೂರು ಬೆರೆಸಿ ನಾಲ್ಕು ಇಂಚು ದಪ್ಪ ಹರಡಿದೆ. ತೆಂಗಿನ ನಾರಿನ ಇಟ್ಟಿಗೆಯನ್ನು ಬಕೆಟ್ ನೀರಿಗೆ ಹಾಕಿದಾಗ ಬಂದ ವಾಸನೆ ನನ್ನನ್ನು ಒಂದು ಗಳಿಗೆ ತಿಪಟೂರಿನ ಕೊಬ್ಬರಿ ಸಂತೆಗೆ ಕರೆದುಕೊಂಡು ಹೋಯಿತು. ದೇವದಾರು ಜಾತಿಯ ಮರದ ಹೊಟ್ಟು ಮಾತ್ರ ಬಳಸಬೇಡಿ, ಅದರ ಎಣ್ಣೆ ಹಾವಿನ ಶ್ವಾಸಕ್ಕೆ ಕೆಟ್ಟದ್ದು. ತೇವಕ್ಕೆ ಮೇಲಿಂದ ನೀರು ಚಿಮುಕಿಸುವುದನ್ನು ಬಿಟ್ಟೆ. ಅದು ಅರ್ಧ ಗಂಟೆಯ ಆಟ, ಮೇಲ್ಭಾಗ ಮಾತ್ರ ಒದ್ದೆಯಾಗುತ್ತದೆ. ಹೊಟ್ಟೆ ಸದಾ ಒದ್ದೆಯಲ್ಲಿದ್ದರೆ ಹುರುಪೆಗೆ ಸೋಂಕು ಹತ್ತುತ್ತದೆ. ಅದರ ಬದಲು ವಾರಕ್ಕೊಮ್ಮೆ ಪೆಟ್ಟಿಗೆಯ ಮೂಲೆಗಳಲ್ಲಿ ಒಂದೊಂದು ಲೋಟ ನೀರು ಸುರಿಯುತ್ತೇನೆ. ನೀರು ತಳಕ್ಕಿಳಿಯುತ್ತದೆ, ಮೇಲೆ ಒಣಗಿರುತ್ತದೆ, ಗಾಳಿಯ ತೇವಾಂಶ 60ರಿಂದ 70ರೊಳಗೆ ನಿಲ್ಲುತ್ತದೆ.

ಬಿಸಿಗೆ ಚಾವಣಿಯಲ್ಲಿ ಬೆಳಕಿಲ್ಲದ ಹೀಟ್ ಪ್ರೊಜೆಕ್ಟರ್, ಅದಕ್ಕೆ ಥರ್ಮೋಸ್ಟ್ಯಾಟ್, ಹಾವು ತಾಗದ ಹಾಗೆ ಸುತ್ತ ತಂತಿಯ ಬೋನು. ಬಿಸಿ ಕಡೆ ನೆಲದ ಮೇಲೆ 32 ಡಿಗ್ರಿ, ತಂಪು ಕಡೆ 26. ರಾತ್ರಿ 24ಕ್ಕಿಂತ ಕೆಳಗೆ ಬಿಡುವುದಿಲ್ಲ. ಎರಡು ಕಡೆ ಯಾಕೆ ಅಂದರೆ, ಹಾವು ತನ್ನ ಮೈಯ ಬಿಸಿಯನ್ನು ತಾನೇ ತಯಾರಿಸಿಕೊಳ್ಳಲಾರದು, ಜಾಗ ಬದಲಿಸಿಯೇ ಸರಿದೂಗಿಸಿಕೊಳ್ಳಬೇಕು. ಹಾಗಾಗಿ ಅಡಗುತಾಣವೂ ಎರಡೂ ಕಡೆ ಬೇಕು, ಎರಡೂ ಒಂದೇ ತರಹದ್ದು. ಒಂದೇ ಕಡೆ ಇಟ್ಟರೆ ಅವಳು ಬಿಸಿ ಬೇಕೋ ಧೈರ್ಯ ಬೇಕೋ ಅಂತ ಆರಿಸಿಕೊಳ್ಳಬೇಕಾಗುತ್ತದೆ. ಒಂದೇ ಬಾಯಿ ಇರುವ, ಕತ್ತಲೆಯ, ಸುತ್ತಿಕೊಂಡಾಗ ಮೈ ನಾಲ್ಕೂ ಗೋಡೆಗೆ ತಾಗುವಷ್ಟು ಚಿಕ್ಕ ಗೂಡುಗಳನ್ನು ಇಟ್ಟೆ. ನಡುವೆ ಕಾರ್ಕ್ ಮರದ ಕೊಳವೆ, ಪ್ಲಾಸ್ಟಿಕ್ ಎಲೆ, ಒಣ ಎಲೆ. ಒಂದು ಗೂಡಿನಿಂದ ಇನ್ನೊಂದಕ್ಕೆ ಬಯಲಿಗೆ ಬೀಳದೆ ಹೋಗಬಹುದು. ಹೊರಳಾಡದ ಭಾರದ ನೀರಿನ ಬಟ್ಟಲು. ಹಗಲು ಹನ್ನೆರಡು ಗಂಟೆ ಸಾದಾ ದೀಪ, ರಾತ್ರಿ ಪೂರ್ತಿ ಕತ್ತಲು. ಹಾವು ತರುವ ಮೊದಲೇ ಇದೆಲ್ಲ ಕಟ್ಟಿ ವಾರವಿಡೀ ಓಡಿಸಿ ನೋಡಬೇಕಿತ್ತು.

ಅವಳನ್ನು ಒಳಗೆ ಬಿಟ್ಟು ಹತ್ತು ದಿನ ಕೈ ಹಾಕಲಿಲ್ಲ. ನೀರು ಬದಲಿಸುವುದು ಬಿಟ್ಟರೆ ಬಾಗಿಲೂ ತೆಗೆಯಲಿಲ್ಲ. ಮಗಳು ದಿನಾ ಬಂದು ಗಾಜಿಗೆ ಮೂಗು ಒತ್ತಿ ಹೋಗುತ್ತಿದ್ದಳು. ಆರನೇ ರಾತ್ರಿ ಕಾರ್ಕ್ ಕೊಳವೆಯಿಂದ ಒಂದು ತಲೆ ಮಾತ್ರ ಹೊರಗೆ ಬಂದು, ಗದ್ದ ನೆಲಕ್ಕಿಟ್ಟು, ಅಲುಗದೆ ಕಾಯುತ್ತಿರುವುದು ಕಂಡಿತು. ಹಾಗೆ ಹೊಂಚು ಹಾಕಿದ್ದನ್ನು ನಾನು ಮೊದಲ ಸಲ ನೋಡಿದ್ದು.

ಊಟದ ತಯಾರಿ ಹೇಳುತ್ತೇನೆ. ನಾನು ಜೀವಂತ ಇಲಿ ಕೊಡುವುದಿಲ್ಲ. ಇಲಿ ತಿರುಗಿ ಕಚ್ಚಿದರೆ ಹಾವಿಗೆ ಕಣ್ಣು ಹೋಗಬಹುದು, ಇಲಿಗೂ ಅದು ಸುಮ್ನೆ ಹಿಂಸೆ. ಸಿಗುವುದು ಹೆಪ್ಪುಗಟ್ಟಿಸಿದ್ದು. ನಮ್ಮದು ಮಾಂಸ ತರದ ಮನೆ. ಹೆಂಡತಿ ಹೇಳಿದ್ದು ನ್ಯಾಯವಾಗಿತ್ತು: ಅಡುಗೆಮನೆಯ ಫ್ರಿಜ್ಜಿಗೆ ಬರಬಾರದು. ನೆಲಮಾಳಿಗೆಯಲ್ಲಿ ಚಿಕ್ಕ ಫ್ರಿಜ್ ಇಟ್ಟೆ. ಇಕ್ಕಳ, ಡಬ್ಬಿ, ತಕ್ಕಡಿ ಎಲ್ಲ ಬೇರೆಯೇ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಸರೀಸೃಪಗಳಿಂದ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬರುತ್ತದೆ, ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ನಾನಂತೂ ಹಾವು ಬೇಡ ಅನ್ನುತ್ತೇನೆ.

ಹಿಂದಿನ ರಾತ್ರಿಯೇ ಇಲಿಯನ್ನು ಫ್ರಿಜ್ಜಿನ ತಂಪು ಭಾಗಕ್ಕೆ ಇಳಿಸುತ್ತೇನೆ. ಮರುದಿನ ಸಂಜೆ ಚೀಲ ಸಮೇತ ಬಿಸಿನೀರಿಗೆ. ಮೈಕ್ರೋವೇವ್ ಯಾವತ್ತೂ ಬೇಡ. ಹೊಟ್ಟೆ ಒತ್ತಿ ನೋಡಿದರೆ ಒಳಗೆ ಗಟ್ಟಿ ಇರಬಾರದು, ಮೈ 38 ಡಿಗ್ರಿ ಹತ್ತಿರ ಇರಬೇಕು, ತಲೆ ಇನ್ನೂ ಸ್ವಲ್ಪ ಬಿಸಿ. ಮುದ್ದೆಯ ಮೇಲ್ದುಟಿಯಲ್ಲಿ ಸಣ್ಣ ಕುಳಿಗಳಿವೆ. ಕತ್ತಲಲ್ಲಿ ಅವಳು ಬಿಸಿಯನ್ನು ಕಾಣುವುದು ಅವುಗಳಿಂದ. ತಣ್ಣನೆಯ ಇಲಿ ಅವಳಿಗೆ ಊಟವೇ ಅಲ್ಲ.

ಹನ್ನೊಂದನೇ ರಾತ್ರಿ ದೀಪ ಆರಿಸಿ, 30 ಗ್ರಾಂ ಇಲಿಯನ್ನು ಬಾಲದ ಬುಡದಲ್ಲಿ ಹಿಡಿದು ಕೊಳವೆಯ ಹತ್ತಿರ ತಂದೆ. ನಾಲಿಗೆ ಬಂತು. ನಿಧಾನಕ್ಕೆ ಒಂದು, ಎರಡು, ಆಮೇಲೆ ಬೇಗ ಬೇಗ. ಕತ್ತು ಹಿಂದಕ್ಕೆ ಹೋಯಿತು. ಆದರೆ ಈ ಸಲ ಉಂಡೆ ಸುತ್ತಲಿಲ್ಲ, ಕೊಕ್ಕೆಯಂತೆ ಬಾಗಿ ನಿಂತಿತು. ಇಕ್ಕಳ ಜಗ್ಗಿದ್ದು ಗೊತ್ತಾಯಿತೇ ಹೊರತು ಅವಳು ಹಾರಿದ್ದು ಕಾಣಲಿಲ್ಲ. ಇಲಿಗೆ ಮೂರು ಸುತ್ತು ಬಿದ್ದಿತ್ತು. ಹತ್ತು ನಿಮಿಷ ಹಾಗೇ ಬಿಗಿದುಕೊಂಡಿದ್ದಳು. ಆಮೇಲೆ ಮೂತಿಯಿಂದ ತಡಕಾಡಿ ತಲೆ ಹುಡುಕಿ, ಎಡದವಡೆ ಒಂದು ಹೆಜ್ಜೆ, ಬಲದವಡೆ ಒಂದು ಹೆಜ್ಜೆ, ಹಾಗೆ ನಡೆದುಕೊಂಡು ನುಂಗಿದಳು. ನಾನು ಉಸಿರು ಬಿಗಿ ಹಿಡಿದು ನೆಲದ ಮೇಲೆ ಕೂತಿದ್ದೆ. ಮುಗಿದ ಮೇಲೆ ಅವಳು ಎರಡು ಸಲ ಬಾಯಿ ಆಕಳಿಸಿದಳು. ಅದು ದವಡೆಯನ್ನು ಜಾಗಕ್ಕೆ ತಂದುಕೊಳ್ಳುವುದು.

ತಿಂದ ಮೇಲೆ ಎರಡು ದಿನ ಮುಟ್ಟಬಾರದು, ಮುಟ್ಟಿದರೆ ಕಕ್ಕಬಹುದು. ಕಣ್ಣು ನೀಲಿಯಾಗಿ ಪೊರೆ ಬಿಡುವ ಹೊತ್ತಿನಲ್ಲಿ ಊಟ ತೋರಿಸಬಾರದು. ಬೇಡ ಅಂದರೆ ಮತ್ತೆ ಕೇಳುವುದು ಹತ್ತು ಹದಿನಾಲ್ಕು ದಿನ ಬಿಟ್ಟು. ನಾನು ವಾರ ವಾರ ಕಾಡಿದ್ದು ದೊಡ್ಡ ತಪ್ಪು. ಮರಿಗೆ ಅದರ ತೂಕದ ನೂರಕ್ಕೆ ಹತ್ತರಷ್ಟು ಇಲಿ ವಾರಕ್ಕೊಂದು ಸರಿ. ಈಗ ಮುದ್ದೆಗೆ ನಾಲ್ಕು ವರ್ಷ, 1,450 ಗ್ರಾಂ. 75 ಗ್ರಾಂ ಇಲಿ ಮೂರು ವಾರಕ್ಕೊಂದು ಸಾಕು. ಜಾಸ್ತಿ ತಿನ್ನಿಸಿದರೆ ಕೊಬ್ಬು ಬೆಳೆಯುತ್ತದೆ. ಚಳಿಗಾಲದಲ್ಲಿ ಈಗಲೂ ಒಮ್ಮೊಮ್ಮೆ ಎರಡು ತಿಂಗಳು ಉಪವಾಸ ಮಾಡುತ್ತಾಳೆ. ನಾನು ತಿಂಗಳಿಗೆ ಎರಡು ಸಲ ತೂಕ ಬರೆದಿಡುತ್ತೇನೆ. ನೂರಕ್ಕೆ ಹತ್ತು ಇಳಿದರೆ, ಅಥವಾ ಉಸಿರಿನಲ್ಲಿ ಸೀಟಿಯಂಥ ಸದ್ದು ಬಂದರೆ, ಬಾಯಲ್ಲಿ ನೊರೆ ಕಂಡರೆ ವೈದ್ಯರ ಹತ್ತಿರ ಹೋಗುವುದೇ.

ಅಮ್ಮ ಬಂದಾಗ ಮೊದಲು ಆ ಕೋಣೆಗೆ ಕಾಲಿಡಲಿಲ್ಲ. ಆಮೇಲೆ ನಾಗರಪಂಚಮಿ ಬಂತು. ಒಂದು ಬಟ್ಟಲು ಹಾಲು ಹಿಡಿದು ಬಾಗಿಲಲ್ಲಿ ನಿಂತರು. ಹಾವಿಗೆ ಹಾಲು ಅರಗುವುದಿಲ್ಲಮ್ಮ, ಅದಕ್ಕೆ ನೀರು ಸಾಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಾಲನ್ನು ಅಡುಗೆಮನೆಯಲ್ಲಿಟ್ಟು ಬಂದರು. ತೊಳೆದ ನೀರಿನ ಬಟ್ಟಲನ್ನು ತಾವೇ ತುಂಬಿಸಿ ನನ್ನ ಕೈಗೆ ಕೊಟ್ಟರು. ಇದು ಎಷ್ಟು ವರ್ಷ ಬದುಕುತ್ತದೆ ಅಂತ ಕೇಳಿದರು. ಇಪ್ಪತ್ತು ಮೂವತ್ತು ವರ್ಷ. ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಇದ್ದ ಒಂದು ಬಾಲ್ ಪೈಥಾನ್ 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಮೊಟ್ಟೆ ಇಟ್ಟಿತು ಅಂತ ಹೇಳಿದೆ. "ಹಾಗಾದರೆ ಇವಳ ಜವಾಬ್ದಾರಿ ಮೊಮ್ಮಗಳದ್ದೇ" ಅಂದರು.

ಊರಿನ ಗೆಳೆಯರು ಕೇಳುತ್ತಿರುತ್ತಾರೆ, ನಾವೂ ಸಾಕಬಹುದಾ ಅಂತ. ನಮ್ಮ ಕಾಡಿನ ಹೆಬ್ಬಾವನ್ನು ಮುಟ್ಟಲೇಬಾರದು, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಬಾಲ್ ಪೈಥಾನ್ ಹೊರದೇಶದ್ದು. ಅಂಥ ಪ್ರಾಣಿಗಳಿಗೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಕಾಗದ ಇಲ್ಲದೆ ಮಾರುವವರ ಹತ್ತಿರ ಹೋಗಬೇಡಿ.

ಹೊಸ ಪೆಟ್ಟಿಗೆಗೆ ಬಂದು ಏಳು ವಾರಕ್ಕೆ ಮುದ್ದೆಯ ಕಣ್ಣು ಮತ್ತೆ ನೀಲಿಯಾಯಿತು. ಒಂದು ಗೂಡಿನೊಳಗೆ ಒದ್ದೆ ಪಾಚಿ ತುಂಬಿಟ್ಟೆ. ಒಂದು ಬೆಳಗ್ಗೆ ಆ ಗೂಡಿನ ಬಾಯಲ್ಲಿ ಪೊರೆ ಬಿದ್ದಿತ್ತು, ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡು, ಇನ್ನೂ ಹಸಿ. ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಾನು ತಲೆಯ ಭಾಗವನ್ನು ಬೆರಳ ಮೇಲೆ ಹರಡಿ ನೋಡಿದೆ. ಬಲಗಣ್ಣಿನ ಬಿಲ್ಲೆ ಇತ್ತು. ಎಡಗಣ್ಣಿನದು ಎರಡು ಪದರ ಇತ್ತು.